ಹಾಂಗ್‌ಕಾಂಗಿನ 1913ರ ವಿದೇಶಿ ನೋಟು ನಿಷೇಧ: ವಟ್ಟದ ಹೊರೆ ಯಾರ ತಲೆಗೆ?

ಹಳೇರೊಕ್ಕ:

ಗೆಳೆಯರೇ, ಹಾಂಗ್‌ಕಾಂಗ್ ಬ್ರಿಟಿಷರ ಕೈಯಲ್ಲಿದ್ದ ಕಾಲದ ಒಂದು ಕಾಯ್ದೆ ಬಗ್ಗೆ ಇಲ್ಲಿ ಮಾತಾಡಬೇಕು ಅಂತ ತುಂಬ ದಿನದಿಂದ ಇತ್ತು. 1913ರಲ್ಲಿ ಅಲ್ಲಿನ ಸರ್ಕಾರ ವಿದೇಶಿ ನೋಟುಗಳ ಚಲಾವಣೆಯನ್ನು ನಿಷೇಧಿಸಿತು. ಅದೇ ವರ್ಷ ವಿದೇಶಿ ಬೆಳ್ಳಿ, ನಿಕಲ್ ನಾಣ್ಯಗಳ ಮೇಲೂ ಕಾಯ್ದೆ ಬಂತು. 'ವಿದೇಶಿ' ಅಂತ ಬರೆದಿದ್ದರೂ ಮುಖ್ಯ ಗುರಿ ಪಕ್ಕದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಹಣ, ಅಂದರೆ ಕ್ಯಾಂಟನ್ ಹಣ (ಕ್ಯಾಂಟನ್ ಆ ಪ್ರಾಂತ್ಯದ ರಾಜಧಾನಿ).

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಹಾಂಗ್‌ಕಾಂಗ್ 1841ರಲ್ಲಿ ಬ್ರಿಟಿಷರ ವಶವಾದಾಗ ಅದಕ್ಕೆ ತನ್ನದು ಅನ್ನುವ ಹಣವೇ ಇರಲಿಲ್ಲ. 1842ರಲ್ಲಿ ಅಲ್ಲಿನ ಬ್ರಿಟಿಷ್ ಆಡಳಿತಗಾರ ಹೆನ್ರಿ ಪಾಟಿಂಜರ್ ಹೊರಡಿಸಿದ ಘೋಷಣೆ ನೋಡಿ. ಸ್ಪೇನಿನ ಡಾಲರ್, ಮೆಕ್ಸಿಕೊ ಡಾಲರ್, ಚೀನಾದ ತಾಮ್ರದ ಕಾಸು, ನಮ್ಮ ಈಸ್ಟ್ ಇಂಡಿಯಾ ಕಂಪನಿಯ ರೂಪಾಯಿ, ಎಲ್ಲವೂ ನಡೆಯಬಹುದು ಅಂತ ಇದೆ. ಒಂದು ಡಾಲರಿಗೆ ಎರಡೂಕಾಲು ರೂಪಾಯಿ, 1,200 ಕಾಸು ಅಂತ ಲೆಕ್ಕ ಕಟ್ಟಿದ್ದರು. ಅಂದರೆ ಶುರುವಿನಲ್ಲಿ ಇಡೀ ವಸಾಹತು ನಡೆದಿದ್ದೇ ಹೊರಗಿನ ಹಣದಲ್ಲಿ!

ಆಮೇಲೆ ಸ್ವಂತ ಟಂಕಸಾಲೆ ಮಾಡಿದರು. 1866ರಲ್ಲಿ ತೆರೆದು, ನಷ್ಟವಾಗಿ, 1868ರಲ್ಲೇ ಮುಚ್ಚಿದರು. ಅದರ ಯಂತ್ರಗಳು ಜಪಾನಿನ ಒಸಾಕಾ ಪಾಲಾದವು. ದೊಡ್ಡ ವ್ಯವಹಾರಕ್ಕೆ ಮೆಕ್ಸಿಕೊ ಡಾಲರೇ ಗಟ್ಟಿಯಾಗಿ ಉಳಿಯಿತು. 1895ರಿಂದ ಬ್ರಿಟಿಷ್ ಟ್ರೇಡ್ ಡಾಲರ್ ಬಂತು. ಅದನ್ನು ಹೆಚ್ಚಾಗಿ ಅಚ್ಚು ಹಾಕಿದ್ದು ಮುಂಬಯಿ ಟಂಕಸಾಲೆ. ನಾಣ್ಯ ಕೂಡಿಡುವವರು ಕೆಲವರ ಹತ್ತಿರ ಇರಬಹುದು. ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ ಒಂದು ಕಡೆ, ಚೀನೀ ಮತ್ತು ಮಲಯ ಬರಹ ಇನ್ನೊಂದು ಕಡೆ.

ದಿನದ ಖರ್ಚಿನ ಚಿಲ್ಲರೆ ಕಥೆಯೇ ಬೇರೆ. ಮೊದಲು ಹಾಂಗ್‌ಕಾಂಗಿನ ಹತ್ತು ಸೆಂಟ್, ಇಪ್ಪತ್ತು ಸೆಂಟ್ ನಾಣ್ಯಗಳು ಗ್ವಾಂಗ್‌ಡಾಂಗ್ ಕಡೆ ಹರಿದು ಹೋಗುತ್ತಿದ್ದವು. ಚಿಲ್ಲರೆ ನಾಣ್ಯದಲ್ಲಿರುವ ಬೆಳ್ಳಿಗಿಂತ ಮುಖಬೆಲೆ ಜಾಸ್ತಿ. ಆ ಲಾಭ ಹಾಂಗ್‌ಕಾಂಗ್ ಖಜಾನೆಗೆ ಹೋಗುತ್ತಿತ್ತು. ಇದನ್ನು ನೋಡಿದ ಕ್ಯಾಂಟನ್ ಅಧಿಕಾರಿಗಳು ಬರ್ಮಿಂಗ್‌ಹ್ಯಾಮಿನಿಂದ ಯಂತ್ರ ತರಿಸಿ, 1889ರ ಹೊತ್ತಿಗೆ ತಮ್ಮದೇ ಟಂಕಸಾಲೆ ಹೂಡಿದರು. ಆಮೇಲೆ ಹೊಳೆ ಹಿಮ್ಮುಖ ಹರಿಯಿತು. ಎರಡೂ ಕಡೆಯವರು ಬೇಕಾದ್ದಕ್ಕಿಂತ ಜಾಸ್ತಿ ಚಿಲ್ಲರೆ ಹೊರಡಿಸಿದರು. ಬೆಲೆ ಬಿತ್ತು. 1905ರ ನಂತರ ಹಾಂಗ್‌ಕಾಂಗ್ ಬೆಳ್ಳಿ ಚಿಲ್ಲರೆ ಮಾಡಿಸುವುದನ್ನೇ ನಿಲ್ಲಿಸಿತು. ಕ್ಯಾಂಟನ್ ನಿಲ್ಲಿಸಲಿಲ್ಲ.

1911ರಲ್ಲಿ ಚೀನಾದಲ್ಲಿ ಕ್ರಾಂತಿ ಆಯಿತು. ಕ್ಯಾಂಟನ್ನಿನ ಹೊಸ ಸರ್ಕಾರದ ಕೈಯಲ್ಲಿ ಹಣವಿರಲಿಲ್ಲ. ಸೈನಿಕರಿಗೆ ಸಂಬಳ ಕೊಡಬೇಕು. ನೋಟು ಅಚ್ಚು ಮಾಡಿದರು. ಆ ನೋಟಿನ ಬೆಲೆ ಇಳಿಯುತ್ತಾ ಹೋಯಿತು. ಈ ಹಣ ಹಾಂಗ್‌ಕಾಂಗ್ ಬೀದಿಗೂ ಬಂತು. 1913ರ ಕಾಯ್ದೆ ಬಂದಿದ್ದು ಈ ಹಿನ್ನೆಲೆಯಲ್ಲಿ.

ನನ್ನ ಪ್ರಶ್ನೆ ಇಷ್ಟು. ಬೆಲೆ ಬಿದ್ದ ಹಣದ ವಟ್ಟವನ್ನು, ಅಂದರೆ ಮುಖಬೆಲೆಯಲ್ಲಿ ಕಳೆದುಹೋಗುವ ಮೊತ್ತವನ್ನು, ಯಾರಾದರೂ ಹೊರಲೇಬೇಕು. ಈ ಕಾಯ್ದೆ ಅದನ್ನು ಯಾರ ತಲೆಗೆ ಹಾಕಿತು? ಕ್ಯಾಂಟನ್ ಹಣದಲ್ಲೇ ದಿನಗೂಲಿ ಪಡೆಯುತ್ತಿದ್ದ ಕೂಲಿಗಳ ತಲೆಗೆ ಅಂತ ನನ್ನ ಅಭಿಪ್ರಾಯ. ನೀವೇನು ಹೇಳುತ್ತೀರಿ?

ಚಿಲ್ಲರೆ_ಚೀಲ:

ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ನಾನು ಸರ್ಕಾರದ ಕಡೆ ನಿಲ್ಲುತ್ತೇನೆ.

ಪಕ್ಕದ ಪ್ರಾಂತ್ಯದ ಸರ್ಕಾರ ತನಗೆ ಬೇಕಾದಷ್ಟು ನೋಟು ಅಚ್ಚು ಹಾಕುತ್ತದೆ. ಆ ಅಚ್ಚಿನ ಮೇಲೆ ನಿಮಗೆ ಹಿಡಿತವಿಲ್ಲ. ಆ ನೋಟು ನಿಮ್ಮ ಪೇಟೆಯಲ್ಲಿ ಓಡಾಡಿದರೆ ನಿಮ್ಮ ಜನರ ದುಡ್ಡೇ ಕರಗುವುದು. ಹಾಂಗ್‌ಕಾಂಗ್ ಅಂಗಡಿಯವನು ಅಕ್ಕಿ ಕೊಟ್ಟು ಕ್ಯಾಂಟನ್ ನೋಟು ತೆಗೆದುಕೊಂಡ ಅಂದರೆ, ಅವನು ಕ್ಯಾಂಟನ್ ಸರ್ಕಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆಯೇ ಅಲ್ವಾ? ಅದನ್ನು ತಡೆಯುವುದು ಯಾವ ಸರ್ಕಾರವಾದರೂ ಮಾಡಬೇಕಾದ ಕೆಲಸ. ವಸಾಹತು ಸರ್ಕಾರ ಮಾಡಿತು ಅನ್ನುವ ಒಂದೇ ಕಾರಣಕ್ಕೆ ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಟ್ರಾಮ್ ಕಂಪನಿ ಕಷ್ಟವನ್ನೂ ನೋಡಿ. ಪ್ರಯಾಣಿಕ ಕ್ಯಾಂಟನ್ ನಾಣ್ಯ ಕೊಡುತ್ತಾನೆ. ಅದನ್ನು ಬ್ಯಾಂಕಿಗೆ ಕಟ್ಟುವಾಗ ವಟ್ಟ ಕಳೆಯುತ್ತಾರೆ. ಪ್ರತಿ ಟಿಕೆಟ್ಟಿನಲ್ಲೂ ನಷ್ಟ. ಎಷ್ಟು ದಿನ ಸಹಿಸಬೇಕು?

ಹಳೇರೊಕ್ಕ:

ಸಾಲದ ಮಾತು ಸರಿಯಾಗಿದೆ, ಒಪ್ಪುತ್ತೇನೆ. ಅದೇ ಲೆಕ್ಕವನ್ನು ಹಾಂಗ್‌ಕಾಂಗಿನ ನೋಟಿಗೂ ಹಾಕಿ ನೋಡೋಣ.

ಆಗ ಹಾಂಗ್‌ಕಾಂಗ್ ಪೇಟೆಯಲ್ಲಿ ನಡೆಯುತ್ತಿದ್ದ 'ಸ್ವಂತ' ನೋಟು ಸರ್ಕಾರದ್ದಲ್ಲ. ಖಾಸಗಿ ಬ್ಯಾಂಕುಗಳದ್ದು. ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕ್, ಚಾರ್ಟರ್ಡ್ ಬ್ಯಾಂಕ್, ಮರ್ಕಂಟೈಲ್ ಬ್ಯಾಂಕ್. 1895ರ ಕಾಯ್ದೆಯ ನಂತರ ಅನುಮತಿ ಇಲ್ಲದ ಬ್ಯಾಂಕು ನೋಟು ಹೊರಡಿಸುವ ಹಾಗಿರಲಿಲ್ಲ. ಆದರೆ ಅನುಮತಿ ಇದ್ದ ಬ್ಯಾಂಕಿನ ನೋಟು ಕೂಡ ಕಾನೂನುಬದ್ಧ ಚಲಾವಣೆ ಆಗಿರಲಿಲ್ಲ. ಅದಾಗಿದ್ದು 1935ರಲ್ಲಿ, ಹಣವನ್ನು ಬೆಳ್ಳಿಗೆ ಕಟ್ಟುವುದನ್ನು ಬಿಟ್ಟ ಮೇಲೆ. 1913ರಲ್ಲಿ ಸಾಲಗಾರ ಹಾಂಗ್‌ಕಾಂಗ್ ಬ್ಯಾಂಕಿನ ನೋಟು ತಂದರೆ, 'ಬೇಡ, ಬೆಳ್ಳಿ ಕೊಡು' ಅನ್ನುವ ಹಕ್ಕು ಸಾಲ ಕೊಟ್ಟವನಿಗೆ ಇತ್ತು. ಹಾಗಾಗಿ ನಡೆದದ್ದು ಏನು? ನಂಬಿಕೆಯ ಮೇಲೆ ಓಡುತ್ತಿದ್ದ ಎರಡು ಕಾಗದಗಳಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಅಪರಾಧ ಮಾಡಿದರು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಬ್ಯಾಂಕುಗಳ ಮೇಲೆ ಲಂಡನ್ನಿನ ಕಟ್ಟುಪಾಡು ಇತ್ತು. ವಸಾಹತು ಬ್ಯಾಂಕುಗಳ ನಿಯಮದಲ್ಲಿ ಚಲಾವಣೆಯ ನೋಟು ಪಾವತಿಯಾದ ಬಂಡವಾಳ ಮೀರಬಾರದು, ನೋಟಿನ ಮೂರನೇ ಒಂದು ಭಾಗದಷ್ಟು ನಾಣ್ಯ ತಿಜೋರಿಯಲ್ಲಿರಬೇಕು ಅಂತ ಇತ್ತು. ಕ್ಯಾಂಟನ್ ನೋಟಿಗೆ ಇಂಥ ಭರವಸೆ ಇರಲಿಲ್ಲ. ಆ ವ್ಯತ್ಯಾಸ ನಿಜ.

ಆದರೆ ನನ್ನನ್ನು ಕಾಡುವ ವಿಷಯ ಬೇರೆ ಇದೆ. ಹಾಂಗ್‌ಕಾಂಗ್ ಬ್ಯಾಂಕುಗಳ ನೋಟು ಗ್ವಾಂಗ್‌ಡಾಂಗಿನಲ್ಲಿ ಧಾರಾಳವಾಗಿ ಓಡುತ್ತಿತ್ತು. ಅಲ್ಲಿನ ವ್ಯಾಪಾರಿ, ರೈತ ಅದನ್ನು ಕೂಡಿಡುತ್ತಿದ್ದರು. ನಿಮ್ಮದೇ ಮಾತಿನಂತೆ ಅವರೆಲ್ಲ ಹಾಂಗ್‌ಕಾಂಗಿನ ಖಾಸಗಿ ಬ್ಯಾಂಕುಗಳಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದರು. ತನ್ನ ಕಾಗದ ಆ ಕಡೆ ಹೋಗಲಿ, ಅವರ ಕಾಗದ ಈ ಕಡೆ ಬರಬಾರದು. ಇದು ಬರೀ ಜನರ ರಕ್ಷಣೆಗೆ ಮಾಡಿದ್ದು ಅಂತ ನಾನು ಹೇಗೆ ನಂಬಲಿ?

ಬಂದರು_ನಿವಾಸಿ:

ನಾನು ಮಂಗಳೂರಿನವಳು, ಹಾಂಗ್‌ಕಾಂಗಿನಲ್ಲೇ ಕೆಲಸ. ಇಲ್ಲಿ ಇವತ್ತಿಗೂ ನೋಟು ಹೊರಡಿಸುವುದು ಮೂರು ವಾಣಿಜ್ಯ ಬ್ಯಾಂಕು. ಹತ್ತು ಡಾಲರ್ ನೋಟು ಮಾತ್ರ ಸರ್ಕಾರದ್ದು. ಊರಿನಿಂದ ಬಂದವರು ಒಂದೇ ಮೌಲ್ಯದ ನೋಟಿನಲ್ಲಿ ಬೇರೆ ಬೇರೆ ಬ್ಯಾಂಕಿನ ಹೆಸರು ನೋಡಿ ಗಾಬರಿಯಾಗುತ್ತಾರೆ.

ಹಳೇರೊಕ್ಕ ಅವರೇ, ನೀವು 1912ರ ಟ್ರಾಮ್ ಬಹಿಷ್ಕಾರದ ಬಗ್ಗೆ ಬರೆಯಲೇ ಇಲ್ಲ. ಅದಿಲ್ಲದೆ ಈ ಕಾಯ್ದೆ ಅರ್ಥವಾಗುವುದಿಲ್ಲ.

1912ರ ನವೆಂಬರಿನಲ್ಲಿ ಟ್ರಾಮ್ ಕಂಪನಿ, ಬೆಟ್ಟ ಹತ್ತುವ ಪೀಕ್ ಟ್ರಾಮ್, ಬಂದರು ದಾಟಿಸುವ ಸ್ಟಾರ್ ಫೆರಿ, ಮೂರೂ ಸೇರಿ ಚೀನೀ ನಾಣ್ಯ ತೆಗೆದುಕೊಳ್ಳುವುದಿಲ್ಲ ಅಂದವು. ಹಿಂದೆ ಸರ್ಕಾರದ ಒತ್ತಾಸೆಯೂ ಇತ್ತು. ಗಣರಾಜ್ಯ ಹುಟ್ಟಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಜನರಲ್ಲಿ ಹುರುಪು ಇತ್ತು. ನಮ್ಮ ದೇಶದ ನಾಣ್ಯ ಬೇಡ ಅಂತಾರಲ್ಲ ಅನ್ನುವ ಸಿಟ್ಟು ಒಂದು ಕಡೆ. ಜೇಬಿನಲ್ಲಿರುವುದೇ ಆ ನಾಣ್ಯ, ಬೇರೆ ಎಲ್ಲಿಂದ ತರೋಣ ಅನ್ನುವ ಸಂಕಟ ಇನ್ನೊಂದು ಕಡೆ. ಜನ ಟ್ರಾಮ್ ಹತ್ತುವುದನ್ನೇ ಬಿಟ್ಟರು. ಖಾಲಿ ಗಾಡಿಗಳು ಓಡಾಡಿದವು.

ಗವರ್ನರ್ ಫ್ರಾನ್ಸಿಸ್ ಹೆನ್ರಿ ಮೇ ಬಗ್ಗಲಿಲ್ಲ. ಅದೇ ವರ್ಷ ಜುಲೈನಲ್ಲಿ ಅಧಿಕಾರ ವಹಿಸಿಕೊಳ್ಳಲು ಹಡಗಿನಿಂದ ಇಳಿದು ಬರುವಾಗಲೇ ಅವನ ಮೇಲೆ ಗುಂಡು ಹಾರಿತ್ತು. ಡಿಸೆಂಬರಿನಲ್ಲಿ ಬಹಿಷ್ಕಾರ ತಡೆ ಕಾಯ್ದೆ ತಂದ. ಯಾವ ಬಡಾವಣೆಯಲ್ಲಿ ಬಹಿಷ್ಕಾರ ನಡೆಯುತ್ತದೋ ಅಲ್ಲಿನವರ ಮೇಲೆ ವಿಶೇಷ ತೆರಿಗೆ ಹಾಕಿ, ಕಂಪನಿಗೆ ಪರಿಹಾರ ಕೊಡಬಹುದು. ಕೊನೆಗೆ ಚೀನೀ ವ್ಯಾಪಾರಿ ಮುಖಂಡರು ನಡುವೆ ಬಂದರು. ಕೆಲಸಗಾರರಿಗೆ ಮಾಲೀಕರೇ ಟಿಕೆಟ್ ಕೊಂಡು ಕೊಡುವ ಏರ್ಪಾಡಾಯಿತು. 1913ರ ಶುರುವಿನಲ್ಲಿ ಬಹಿಷ್ಕಾರ ಮುಗಿಯಿತು.

ನೋಟು, ನಾಣ್ಯಗಳ ನಿಷೇಧ ಬಂದಿದ್ದು ಇದರ ಬೆನ್ನಿಗೇ. ಮೊದಲು ಕಂಪನಿಗಳು ಬೇಡ ಅಂದವು. ಜನ ತಿರುಗಿಬಿದ್ದರು. ಆಮೇಲೆ ಸರ್ಕಾರ ಇಡೀ ಊರಿಗೇ ಬೇಡ ಅಂದಿತು. ಹೀಗಾಗಿ ಕೂಲಿಗಳ ಬಗ್ಗೆ ಹಳೇರೊಕ್ಕ ಅವರು ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಅವರು ಬಹಿಷ್ಕಾರ ಮಾಡಿದ್ದೇ ವಟ್ಟ ತಮ್ಮ ಮೇಲೆ ಬೀಳುತ್ತದೆ ಅಂತ.

ಕೃಷ್ಣಾತೀರ_ರಾಯಚೂರು:

ಇದನ್ನೆಲ್ಲ ಓದುವಾಗ ನಮ್ಮ ಕಡೆಯ ಹಾಲಿ ರೊಕ್ಕ, ಕಲ್ದಾರ ರೊಕ್ಕ ನೆನಪಾಯಿತು. ಹೈದರಾಬಾದ್ ಸಂಸ್ಥಾನ ವಸಾಹತು ಅಲ್ಲ, ಗೊತ್ತು. ಆದರೂ ಎರಡು ಹಣದ ನಡುವೆ ಬದುಕುವುದು ಹೇಗಿತ್ತು ಅಂತ ರಾಯಚೂರು, ಕಲಬುರಗಿ, ಬೀದರದ ಹಳೆ ಜನಕ್ಕೆ ಗೊತ್ತಿತ್ತು.

ನಿಜಾಮರದ್ದು ಹಾಲಿ ಸಿಕ್ಕಾ. ಬ್ರಿಟಿಷರದ್ದು ಕಲ್ದಾರ. 100 ಕಲ್ದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಅಂದರೆ ಆರು ಕಲ್ದಾರಕ್ಕೆ ಏಳು ಹಾಲಿ. ನಮ್ಮ ಮುತ್ಯಾ ಈ ಲೆಕ್ಕ ಬಾಯಲ್ಲೇ ಮಾಡುತ್ತಿದ್ದರು. ತುಂಗಭದ್ರೆ ದಾಟಿ ಬಳ್ಳಾರಿ ಕಡೆ ಹೋದರೆ ಅದು ಮದ್ರಾಸ್ ಪ್ರಾಂತ್ಯ, ಅಲ್ಲಿ ಕಲ್ದಾರ ಬೇಕು. ಈ ಕಡೆ ಹಾಲಿ. ದನದ ಸಂತೆಗೆ ಹೋಗುವವರು ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಬದಲಾಯಿಸಿಕೊಡುವ ಸರಾಫ ಪ್ರತಿ ಸಲ ಸ್ವಲ್ಪ ಉಳಿಸಿಕೊಳ್ಳುತ್ತಿದ್ದ.

1947ರಲ್ಲಿ ಭಾರತದ ಜೊತೆ ಯಥಾಸ್ಥಿತಿ ಒಪ್ಪಂದ ಆದ ಮೇಲೆ ಹೈದರಾಬಾದ್ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಸಂಸ್ಥಾನದೊಳಗೆ ಭಾರತದ ಹಣ ಕಾನೂನುಬದ್ಧ ಚಲಾವಣೆ ಅಲ್ಲ ಅಂತ. ದಿಲ್ಲಿ ಇದನ್ನು ಒಪ್ಪಂದದ ಉಲ್ಲಂಘನೆ ಅಂದಿತು. ದೊಡ್ಡವರ ಜಗಳ ಅದು. ಸಾಮಾನ್ಯ ಜನರಿಗೆ ಆದದ್ದು ಏನು? ಗಡಿ ಆಚೆ ದುಡಿದು ತಂದ ರೊಕ್ಕ ಮನೆಗೆ ಬರುವಷ್ಟರಲ್ಲಿ ಗುಮಾನಿಯ ರೊಕ್ಕ ಆಯಿತು.

ಹಾಗಾಗಿ ನನ್ನ ವಿಚಾರ ಇದು. ನಿಷೇಧ ತಪ್ಪೋ ಸರಿಯೋ ಅನ್ನುವುದಕ್ಕಿಂತ ಮೊದಲು, ಗಡಿ ದಾಟಿ ದುಡಿಯುವವನಿಗೆ ಹಣ ಬದಲಾಯಿಸಿಕೊಳ್ಳಲು ಏನು ದಾರಿ ಕೊಟ್ಟರು ಅಂತ ಕೇಳಬೇಕು.

ಚಿಲ್ಲರೆ_ಚೀಲ:

ರಾಯಚೂರಿನವರ ಮಾತು ಮನಸ್ಸಿಗೆ ತಾಕಿತು. ಆದರೆ ನೋಟಿನ ವಿಷಯದಲ್ಲಿ ಸಡಿಲ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಅದನ್ನೂ ಹೇಳಲೇಬೇಕು.

ಓರಿಯಂಟಲ್ ಬ್ಯಾಂಕ್ ಅಂತ ಒಂದಿತ್ತು. 1842ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದು. ಆಗ ಹೆಸರು ಬ್ಯಾಂಕ್ ಆಫ್ ವೆಸ್ಟರ್ನ್ ಇಂಡಿಯಾ. ಆಮೇಲೆ ಲಂಡನ್ನಿಗೆ ಹೋಗಿ ಹೆಸರು ಬದಲಾಯಿಸಿಕೊಂಡಿತು. ಹಾಂಗ್‌ಕಾಂಗಿನಲ್ಲಿ ಮೊದಲು ನೋಟು ಹೊರಡಿಸಿದ್ದು ಇದೇ ಬ್ಯಾಂಕು. ಸಿಲೋನಿನಲ್ಲೂ ಇದರ ನೋಟು ಮನೆಮನೆಯಲ್ಲಿ ಇತ್ತು. ಅಲ್ಲಿ ಕಾಫಿ ಗಿಡಕ್ಕೆ ಎಲೆ ತುಕ್ಕು ರೋಗ ಬಿತ್ತು. ತೋಟಗಳು ಹಾಳಾದವು. ಕೊಟ್ಟ ಸಾಲ ಮುಳುಗಿತು. 1884ರ ಮೇ ತಿಂಗಳಲ್ಲಿ ಬ್ಯಾಂಕು ಬಾಗಿಲು ಹಾಕಿತು. ನೋಟು ಹಿಡಿದು ನಿಂತ ಜನ ಏನು ಮಾಡಬೇಕು? ಗವರ್ನರ್ ಆರ್ಥರ್ ಗಾರ್ಡನ್ ಆ ನೋಟುಗಳಿಗೆ ಸರ್ಕಾರವೇ ಜಾಮೀನು ಅಂತ ಘೋಷಿಸಿದ. ಅದೇ ವರ್ಷ ಅಲ್ಲಿ ನೋಟು ಹೊರಡಿಸುವ ಕೆಲಸವನ್ನು ಸರ್ಕಾರ ತಾನೇ ವಹಿಸಿಕೊಂಡಿತು.

ಸಿಲೋನ್ ಸರ್ಕಾರ ಹಾಗೆ ಮಾಡಬಹುದಿತ್ತು. ಬ್ಯಾಂಕು ಅದರ ಕಣ್ಣಳತೆಯಲ್ಲೇ ಇತ್ತು. ಕ್ಯಾಂಟನ್ ಸರ್ಕಾರದ ನೋಟು ಬಿದ್ದರೆ ಹಾಂಗ್‌ಕಾಂಗ್ ಸರ್ಕಾರ ಜಾಮೀನು ನಿಲ್ಲಲು ಆಗುತ್ತದಾ? ಸಾಧ್ಯವೇ ಇಲ್ಲ. ಉಳಿದ ದಾರಿ ನಿಷೇಧ ಒಂದೇ.

ಹಳೇರೊಕ್ಕ:

ಸಿಲೋನಿನ ಉದಾಹರಣೆ ನನ್ನ ಮಾತಿಗೇ ಬಲ ಕೊಡುತ್ತದೆ, ಸರ್. ಗಾರ್ಡನ್ ಮೊದಲು ಜನರ ಕೈಯಲ್ಲಿದ್ದ ನೋಟಿಗೆ ಹೊಣೆ ಹೊತ್ತ. ಆಮೇಲೆ ಹೊಸ ವ್ಯವಸ್ಥೆ ತಂದ. ಆ ಕ್ರಮ ಮುಖ್ಯ.

ಸಿಂಗಾಪುರ, ಪೆನಾಂಗ್, ಮಲಕ್ಕಾ ಇದ್ದ ಸ್ಟ್ರೇಟ್ಸ್ ಸೆಟ್ಲ್‌ಮೆಂಟ್ಸ್ ನೋಡಿ. ಅಲ್ಲೂ ಮೆಕ್ಸಿಕೊ ಡಾಲರ್, ಬ್ರಿಟಿಷ್ ಟ್ರೇಡ್ ಡಾಲರ್ ಓಡುತ್ತಿದ್ದವು. 1903ರಲ್ಲಿ ಹೊಸ ಸ್ಟ್ರೇಟ್ಸ್ ಡಾಲರ್ ಬಂತು, ಅದನ್ನೂ ಮುಂಬಯಿಯಲ್ಲೇ ಅಚ್ಚು ಹಾಕಿದ್ದು. ಹಳೇ ಡಾಲರ್ ಹೊರಗಿನಿಂದ ತರುವುದನ್ನು ತಡೆದರು. ಆದರೆ ಒಳಗಿದ್ದ ಹಳೇ ಡಾಲರನ್ನು ಒಂದಕ್ಕೆ ಒಂದರಂತೆ ಬದಲಾಯಿಸಿ ಕೊಟ್ಟರು. ಕೂಡಿಬಂದ ಹಳೇ ಬೆಳ್ಳಿಯನ್ನು ಮುಂಬಯಿಗೆ ಕಳಿಸಿ ಹೊಸ ನಾಣ್ಯ ಮಾಡಿಸಿದರು. ಆಮೇಲೆ, 1904ರಲ್ಲಿ, ಹಳೆಯದನ್ನು ಚಲಾವಣೆಯಿಂದ ತೆಗೆದರು. ಜನ ವಟ್ಟ ಕಟ್ಟಬೇಕಾಗಲಿಲ್ಲ.

ನಿಜ, ಬೆಳ್ಳಿ ನಾಣ್ಯ ಕರಗಿಸಬಹುದು, ಬೇರೆ ಸರ್ಕಾರದ ಕಾಗದವನ್ನು ಕರಗಿಸಲು ಬರುವುದಿಲ್ಲ. ಕ್ಯಾಂಟನ್ ನೋಟನ್ನು ಮುಖಬೆಲೆಗೆ ಬದಲಾಯಿಸಿ ಕೊಡಿ ಅಂತ ನಾನೂ ಹೇಳುವುದಿಲ್ಲ. ಹಾಗೆ ಮಾಡಿದ್ದರೆ ಗಡಿ ಆಚೆಯಿಂದ ಗೋಣಿಗಟ್ಟಲೆ ನೋಟು ಬರುತ್ತಿತ್ತು. ಆದರೆ ಕೂಲಿಯನ್ನು ಯಾವ ಹಣದಲ್ಲಿ ಕೊಡಬೇಕು ಅಂತ ಮಾಲೀಕನ ಮೇಲೆ ನಿಯಮ ಹಾಕಬಹುದಿತ್ತು ಅಲ್ವಾ? ಹಾಂಗ್‌ಕಾಂಗ್ ಹಣದಲ್ಲಿ ಆದಾಯ ಬರುವ ಕಂಪನಿ ತನ್ನ ಕೂಲಿಗಳಿಗೆ ಅಗ್ಗದ ಕ್ಯಾಂಟನ್ ಚಿಲ್ಲರೆ ಕೊಟ್ಟರೆ ಆ ವ್ಯತ್ಯಾಸ ಕಂಪನಿಯ ಲಾಭ. ಮೊದಲು ಅಲ್ಲಿ ಕೈ ಹಾಕಬೇಕಿತ್ತು. ಟ್ರಾಮಿನ ಬಾಗಿಲಲ್ಲಿ ಬೇಡ ಅನ್ನುವುದು ಸುಲಭ. ಸಂಬಳದ ಮೇಜಿನ ಹತ್ತಿರ ಹೋಗಿ ಹೇಳುವುದು ಕಷ್ಟ.

ನಿಷೇಧದ ಗುರಿಯನ್ನು ನಾನು ವಿರೋಧಿಸುತ್ತಿಲ್ಲ. ಶುರು ಮಾಡಿದ ಜಾಗ ತಪ್ಪು ಅನ್ನುತ್ತೇನೆ.

ಬಂದರು_ನಿವಾಸಿ:

ಸಂಬಳದ ಮೇಜು ಅಂದಿರಲ್ಲ, ಅದೇ ಸರಿಯಾದ ಜಾಗ. ಬಹಿಷ್ಕಾರ ಮುಗಿದಿದ್ದೂ ಮಾಲೀಕರು ಟಿಕೆಟ್ಟಿನ ಖರ್ಚು ಹೊತ್ತ ಮೇಲೆ ಅನ್ನುವುದನ್ನು ಮರೆಯಬಾರದು. ವಟ್ಟ ಅವರ ಕಡೆ ಸರಿದ ಕೂಡಲೇ ಜನ ಗಾಡಿ ಹತ್ತಿದರು.

ನೇತ್ರಾವತಿ_ದಡ:

ಇದೇ ಊರಿನಲ್ಲಿ ಮೂವತ್ತು ವರ್ಷ ಆಗುವಷ್ಟರಲ್ಲಿ ಏನಾಯಿತು ನೋಡಿ. 1941ರ ಡಿಸೆಂಬರಿನಲ್ಲಿ ಜಪಾನ್ ಹಾಂಗ್‌ಕಾಂಗನ್ನು ಹಿಡಿಯಿತು. ತನ್ನ ಸೇನಾ ಯೆನ್ ನೋಟು ತಂದಿತು. ಮೊದಲು ಎರಡು ಹಾಂಗ್‌ಕಾಂಗ್ ಡಾಲರಿಗೆ ಒಂದು ಯೆನ್. 1942ರಲ್ಲಿ ನಾಲ್ಕು ಡಾಲರಿಗೆ ಒಂದು ಯೆನ್. ಒಂದು ಆದೇಶದಿಂದ ಜನರ ಉಳಿತಾಯ ಅರ್ಧ ಆಯಿತು. 1943ರ ಜೂನ್‌ನಲ್ಲಿ ಹಾಂಗ್‌ಕಾಂಗ್ ಡಾಲರನ್ನೇ ನಿಷೇಧಿಸಿದರು. ಆಗ ಹಾಂಗ್‌ಕಾಂಗಿನ ಸ್ವಂತ ನೋಟು 'ವಿದೇಶಿ' ಆಯಿತು.

ಬ್ಯಾಂಕಿನ ತಿಜೋರಿಯಲ್ಲಿ ಚಲಾವಣೆಗೆ ಬಾರದೆ ಉಳಿದಿದ್ದ ನೋಟುಗಳಿಗೂ ಬ್ಯಾಂಕಿನವರಿಂದ ಬಲವಂತವಾಗಿ ಸಹಿ ಹಾಕಿಸಿ ಖರ್ಚು ಮಾಡಿದರು. ಯುದ್ಧ ಮುಗಿದ ಮೇಲೆ ಆ ನೋಟನ್ನು ಒಪ್ಪಬೇಕೋ ಬೇಡವೋ ಅಂತ ದೊಡ್ಡ ಚರ್ಚೆ. 1946ರಲ್ಲಿ ಹಾಂಗ್‌ಕಾಂಗ್ ಬ್ಯಾಂಕು ಒಪ್ಪಿತು. ಸೇನಾ ಯೆನ್ ಮಾತ್ರ ಬರೀ ಕಾಗದವಾಯಿತು. ಅದನ್ನು ಇಟ್ಟುಕೊಂಡಿದ್ದ ಕುಟುಂಬಗಳು ಪರಿಹಾರ ಕೇಳಿ ಟೋಕಿಯೊ ನ್ಯಾಯಾಲಯದವರೆಗೂ ಹೋದವು. 1999ರಲ್ಲಿ ಆ ಅರ್ಜಿ ತಿರಸ್ಕಾರವಾಯಿತು.

1913ರ ಕಾಯ್ದೆಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಇಡುವುದಿಲ್ಲ. ಇದು ಬಂದೂಕು ತೋರಿಸಿ ಮಾಡಿದ ಸುಲಿಗೆ. ಆದರೆ ಚಿಲ್ಲರೆ_ಚೀಲ ಅವರ ಸಿಲೋನ್ ಉದಾಹರಣೆಯ ಹಾಗೆಯೇ, ನೋಟಿಗೆ ಹೊಣೆ ಹೊರುವ ಸಂಸ್ಥೆ ಎಷ್ಟು ಮುಖ್ಯ ಅಂತ ಇಲ್ಲಿ ಕಾಣುತ್ತದೆ. ಬಲವಂತದ ಸಹಿ ಇದ್ದರೂ ಬ್ಯಾಂಕು ಹೊಣೆ ಹೊತ್ತಿದ್ದರಿಂದ ಜನರ ಕೈಯಲ್ಲಿದ್ದ ಆ ನೋಟು ಉಳಿಯಿತು.

ಚಿಲ್ಲರೆ_ಚೀಲ:

ಧನ್ಯವಾದ. ಹೊಣೆ ಯಾರದ್ದು ಅನ್ನುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಕೂಲಿಯ ಹಣದ ಮೇಲೆ ನಿಯಮ ಇರಬೇಕಿತ್ತು ಅನ್ನುವ ಹಳೇರೊಕ್ಕ ಅವರ ಮಾತನ್ನು ಒಪ್ಪುತ್ತೇನೆ. ನಿಷೇಧ ಬೇಕಿತ್ತು ಅನ್ನುವುದನ್ನು ಬಿಡುವುದಿಲ್ಲ.

ಒಂದು ಪ್ರಶ್ನೆ. ಆಗ ಹಾಂಗ್‌ಕಾಂಗ್ ಪೊಲೀಸಿನಲ್ಲಿ ಪಂಜಾಬಿನವರು ಬಹಳ ಇದ್ದರಲ್ಲ, ಅವರು ಊರಿಗೆ ಹಣ ಕಳಿಸುವಾಗ ಏನಾಗುತ್ತಿತ್ತು?

ಹಳೇರೊಕ್ಕ:

ಅವರಿಗೆ ಇನ್ನೊಂದು ಥರದ ವಟ್ಟ. 1842ರಲ್ಲಿ ಡಾಲರೂ ಬೆಳ್ಳಿ, ರೂಪಾಯಿಯೂ ಬೆಳ್ಳಿ. ಹಾಗಾಗಿ ಎರಡೂಕಾಲು ಅನ್ನುವ ಲೆಕ್ಕ ಗಟ್ಟಿ ನಿಂತಿತ್ತು. 1893ರಲ್ಲಿ ಭಾರತ ಸರ್ಕಾರ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿತು, ಅಂದರೆ ಜನ ತಂದ ಬೆಳ್ಳಿಯನ್ನು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿ ರೂಪಾಯಿಗೂ ಬೆಳ್ಳಿ ಬೆಲೆಗೂ ಇದ್ದ ನಂಟು ಕಡಿಯಿತು. ಕೆಲವೇ ವರ್ಷದಲ್ಲಿ ರೂಪಾಯಿ 1 ಶಿಲಿಂಗ್ 4 ಪೆನ್ಸಿಗೆ ನಿಂತಿತು. ಹಾಂಗ್‌ಕಾಂಗ್ ಡಾಲರ್ ಬೆಳ್ಳಿಯ ಜೊತೆಗೇ ಇಳಿಯಿತು. ಸಿಪಾಯಿಯ ಡಾಲರ್ ಸಂಬಳ ಅಷ್ಟೇ ಇದ್ದರೂ ಊರಿಗೆ ಮುಟ್ಟುವ ರೂಪಾಯಿ ಕಡಿಮೆ ಆಯಿತು. ಬೆಳ್ಳಿ ಏರಿದ ವರ್ಷ ಸ್ವಲ್ಪ ಜಾಸ್ತಿ, ಇಳಿದ ವರ್ಷ ಕಡಿಮೆ. 1935ರ ಕೊನೆಯಲ್ಲಿ ಚೀನಾದ ಹಿಂದೆಯೇ ಹಾಂಗ್‌ಕಾಂಗ್ ಬೆಳ್ಳಿ ಬಿಟ್ಟು, ಒಂದು ಪೌಂಡಿಗೆ ಹೆಚ್ಚುಕಡಿಮೆ 16 ಡಾಲರಿನಂತೆ ಕಟ್ಟಿಕೊಂಡಿತು. ಆ ಹೊತ್ತಿಗೆ ರೂಪಾಯಿಯೂ ಪೌಂಡಿಗೆ ಕಟ್ಟಿಕೊಂಡಿತ್ತು, 1 ಶಿಲಿಂಗ್ 6 ಪೆನ್ಸಿನಂತೆ. ಅಂದರೆ ಡಾಲರಿಗೆ ಒಂದು ರೂಪಾಯಿಯೂ ಪೂರ್ತಿ ಬರುತ್ತಿರಲಿಲ್ಲ. ಲೆಕ್ಕ ಮತ್ತೆ ಗಟ್ಟಿಯಾಯಿತು, ಆದರೆ ತುಂಬಾ ಕೆಳಗಿನ ಮಟ್ಟದಲ್ಲಿ.